ಗಿಡ ಇನ್ನೂರ ಹದಿನೇಳು

ಗೆಸ್ಟ್ ರೂಮಿನ ಮಂಚದ ಕೆಳಗೆ ಸಿಕ್ಕಿತು ಪುಸ್ತಕ,
ಯಾರೋ ಮರೆತು ಹೋದದ್ದು. ಮೂರು ಮಳೆಗಾಲ ಕಾದೆ,
ಕೇಳಿಕೊಂಡು ಯಾರೂ ಬರಲಿಲ್ಲ.
ಈಗ ಮಸ್ಟರ್ ರೋಲಿನ ಪಕ್ಕ ಇದೆ,
ಇಂಗ್ಲಿಷಿನಲ್ಲಿ ಇನ್ನೂರು ಚಿಟ್ಟೆ.

ನಾನು ವಸ್ತಾರೆ ಹತ್ತಿರದ ತೋಟವೊಂದರ ರೈಟರ್.
ಬರೆಯುವುದು ಹಾಜರಿ, ಗೊಬ್ಬರದ ಮೂಟೆ, ಡೀಸೆಲ್ಲು.
ಗೋಡೆಯ ಮೊಳೆಗೆ ಇನ್ನೊಂದು ಗುರುತಿನ ಕಾರ್ಡು,
ಪ್ಲಾಸ್ಟಿಕ್ ಹೊದಿಸಿದ್ದು: ಬಿಳಿ ಕಾಂಡಕೊರಕ.
ಮೊಟ್ಟೆ, ಮರಿ, ಕೋಶ, ಮೀಸೆ ಬಂದ ಜೀರುಂಡೆ,
ಕೊನೆಗೆ ಕೆಂಪಕ್ಷರದಲ್ಲಿ: ಕಿತ್ತು ಸುಡಿ.
ಎರಡನ್ನೂ ಒಂದೇ ಕನ್ನಡಕದಲ್ಲಿ ಓದುತ್ತೇನೆ.

ಹೂವಮ್ಮನಿಗೆ ಕನ್ನಡಕ ಬೇಡ.
ಕಾಂಡಕ್ಕೆ ಅಂಗೈ ಸವರಿಕೊಂಡು ಹೋಗುತ್ತಾಳೆ,
ತೊಗಟೆ ಏಣು ಎದ್ದಿದ್ದರೆ ನಿಲ್ಲುತ್ತಾಳೆ,
ಸುಣ್ಣದ ಬೊಟ್ಟು. ಹಿಂದೆ ಬರುವ ಗಂಡಾಳು ಕೀಳುತ್ತಾರೆ.
ಇಪ್ಪತ್ತೆರಡು ವರ್ಷ. ಅವಳು ತಪ್ಪಿದಳೆಂದು
ನಾನು ಒಂದು ಸಲವೂ ಬರೆದಿಲ್ಲ.

ಕಾಫಿ ಹೊತ್ತಿನಲ್ಲಿ ಪುಸ್ತಕ ತಿರುವಿದಳು,
ಸೆರಗಿಗೆ ಕೈ ಒರೆಸಿಕೊಂಡು.
"ಇವೆಲ್ಲ ಸತ್ತವು ರೈಟ್ರೇ.
ಬದುಕಿರವು ಹಿಂಗೆ ರೆಕ್ಕೆ ಹರವ್ಕಂಡು ಕೂತಿರ್ತವಾ?
ಕೂತ ಕೂಡ್ಲೆ ಮಡಚ್ಕಂಡು ತರಗೆಲೆ ಆಗ್ತವೆ.
ಆವಾಗ ಯಾವ್ ಪುಟ ನೋಡ್ತೀರಿ?"

ಅರ್ಧಕ್ಕರ್ಧ ಹೆಸರು ಕಾಮನ್ ಎಂದೇ ಶುರು.
ಹಾಗಂದರೇನು ಎಂದು ಕೇಳಿದಳು.
ದಿನಾ ಬರುವಂಥದ್ದು, ಅಂದೆ.
"ಹಂಗಾರೆ ಅವಕ್ಕೂ ಹಾಜ್ರಿ ಹಾಕಿ."

ಅವಳವೇ ಹೆಸರುಗಳಿದ್ದವು.
ಕೊಳೆತ ಹಲಸಿನ ಮೇಲೆ ಅಮಲೇರಿ ಕೂರುವುದಕ್ಕೆ ಒಂದು.
ಉಚ್ಚೆ ಹೊಯ್ದ ನೆಲಕ್ಕೆ ಹಿಂಡಾಗಿ ಮುತ್ತುವುದಕ್ಕೆ ಇನ್ನೊಂದು,
ಅದನ್ನು ಹೇಳಿ ತಾನೇ ನಕ್ಕಳು, ನಾನು ಬರೆದುಕೊಳ್ಳಲಿಲ್ಲ.
ಸಿಲ್ವರ್ ಓಕಿನ ತುದಿಯಲ್ಲಿ ಅವಸರವಿಲ್ಲದೆ ಹೋಗುವ
ಕಪ್ಪು ಹಳದಿಯ ದೊಡ್ಡದು: ಹಳೇ ಆಟೋ.
ಪೆನ್ಸಿಲ್ಲಿನಲ್ಲಿ ಚಿತ್ರದ ಪಕ್ಕ ಬರೆದೆ, ಆಟೋ.

ಅಕ್ಟೋಬರ್ ಕೊನೆ. ಏಳನೇ ಬ್ಲಾಕು.
ಗಿಡ ಇನ್ನೂರ ಹದಿನೇಳಕ್ಕೆ ಸುಣ್ಣ ಬಿದ್ದಿತ್ತು,
ರೆಂಬೆಗೆ ಒಂದು ಬಟ್ಟೆಯ ಚೂರೂ ಕಟ್ಟಿತ್ತು,
ಅವಳ ಹಳೆ ಸೀರೆಯ ಅಂಚು.
"ಇದೊಂದು ಎಂಟು ದಿನ ಬಿಡ್ಲಿ."
ಬಗ್ಗಿ ನೋಡಿದೆ. ಮುರುಟಿದ ಒಣ ಎಲೆ.
"ಎಲೆಯಲ್ಲ."
ಅವಳ ನೆರಳು ಬಿದ್ದಾಗ ಒಮ್ಮೆ ಅಲುಗಿತು.
ಗಾಳಿ ಇರಲಿಲ್ಲ.

ರಾತ್ರಿ ಪುಸ್ತಕವೆಲ್ಲ ಹುಡುಕಿದೆ.
ನಲವತ್ತೊಂದನೇ ಪುಟದ ಬುಡದಲ್ಲಿ ಸಣ್ಣ ಅಕ್ಷರ:
ಕೋಶ, ಒಣಗಿದ ಎಲೆಯಂತೆ. ಅಷ್ಟೇ.
ಮೇಲೆ ಚಿತ್ರವಿದ್ದ ಕಡೆ, ಕಾಗದ ತಿನ್ನುವ
ಆ ಬೆಳ್ಳಿ ಹುಳ ಕಿಟಕಿ ಕೊರೆದಿದೆ.
ಒಂದು ರೆಕ್ಕೆ ಉಳಿದಿದೆ, ಇಟ್ಟಿಗೆ ಬಣ್ಣ, ನಡುವೆ ಬಿಳಿ ಪಟ್ಟಿ.
ಹೆಸರಿನಲ್ಲಿ ಮೊದಲಕ್ಷರ ಉಳಿದಿದೆ, ಸಿ.
ತಿಂದ ಹುಳದ ಹೆಸರೇನೆಂದು
ಅದು ತಿಂದ ಪುಸ್ತಕದಲ್ಲಿಲ್ಲ.

ರಿಜಿಸ್ಟರಿನ ಕೊನೆಯ ಕಾಲಂ: ತಡವಾದರೆ ಕಾರಣ.
ಮಳೆ ಎಂದು ಬರೆದಿದ್ದೇನೆ, ಆಳಿಲ್ಲ ಎಂದು, ದೀಪಾವಳಿ ಎಂದು.
ಪೆನ್ನು ಹಿಡಿದು ತುಂಬ ಹೊತ್ತು ಕೂತೆ.
ಬರೆದೆ: ಪುಟ ೪೧.

ಎಂಟಲ್ಲ, ಒಂಬತ್ತು ದಿನ ಹಿಡಿಯಿತು.
ಹೊರಬಂದದ್ದನ್ನು ಯಾರೂ ನೋಡಲಿಲ್ಲ. ಭಾನುವಾರ,
ಹೂವಮ್ಮ ಮೊಮ್ಮಗಳ ಚಪ್ಪಲಿಗೆಂದು ಆಲ್ದೂರಿಗೆ ಹೋಗಿದ್ದಳು,
ನಾನು ಬಟವಾಡೆ ಲೆಕ್ಕದಲ್ಲಿದ್ದೆ.
ಸೋಮವಾರ ಸಿಕ್ಕಿದ್ದು ಬೆನ್ನು ಬಿರಿದ ಸಿಪ್ಪೆ,
ಕೆಳಗಿನ ಎಲೆಯ ಮೇಲೆ ತುಕ್ಕಿನಂಥ ಒಂದು ತೊಟ್ಟು.

"ಯಾವುದಿತ್ತು?" ಅಂದೆ.
"ಹೋಯ್ತಲ್ಲ" ಅಂದಳು,
ಸೀರೆಯಂಚು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು
ಗಂಡಾಳುಗಳನ್ನು ಕೂಗಿದಳು.
ಕಿತ್ತರು. ಕಾಂಡ ಸೀಳಿದರೆ ಒಳಗೆ
ಕಾರ್ಡಿನ ಎರಡನೇ ಚಿತ್ರ, ಬೆಳ್ಳಗೆ, ಹೊರಳುತ್ತ.
ಸುಟ್ಟರು.

ಸಿಪ್ಪೆ ಬೆಂಕಿಪೊಟ್ಟಣದಲ್ಲಿ, ನನ್ನ ಡ್ರಾಯರಿನಲ್ಲಿದೆ.
ಈ ವರ್ಷ ಆಡಿಟರ್ ಇನ್ನೂ ಬಂದಿಲ್ಲ.