ಬಾವಿ, ಹೆಸರು, ಅಟ್ಟ

ಕೇಳು ಟಿಯರ್ನನ್, ಒಮ್ಮೆ ಮಾತ್ರ ಹೇಳುತ್ತೇನೆ.
ಬ್ಯೂಟ್ ಊರಿಗೆ ಇವತ್ತು ಸಂಬಳದ ಶುಕ್ರವಾರ,
ಕತ್ತಲಾದ ಮೇಲೆ ನನಗೆ ಪುರುಸೊತ್ತಿಲ್ಲ.

ಮೊಣಕಾಲೆತ್ತರದ ಈ ತಗಡಿನ ತೊಟ್ಟಿಯಲ್ಲಿ
ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು ನಿಂತಿವೆಯಲ್ಲ ಆರು ಬಾಟಲಿ,
ಇದಕ್ಕೆ ನಾವು ಬಾವಿ ಅನ್ನುತ್ತೇವೆ.
"ಒಂದು ವಿಸ್ಕಿ" ಅಂತಷ್ಟೇ ಅಂದವನಿಗೆ ಬಾವಿಯದು.
ನೋಡದೆ ಎತ್ತು, ನಾಲ್ಕು ಎಣಿಸಿ ಮಣಿಕಟ್ಟು ತಿರುಗಿಸು.
ನಾಲ್ಕು ಡಾಲರ್.
ಗಂಟಲು ಗೀಚುತ್ತದೆ, ಸುಳ್ಳೇಕೆ.
ಕೋಕ್ ಬೆರೆಸಿದ ಮೇಲೆ ಯಾವ ಪಂಡಿತನಿಗೂ ತಿಳಿಯದು;
ತಿಳಿಯುತ್ತದೆ ಅನ್ನುವವನಿಗೆ ಹೂಂ ಅನ್ನು.

ಎದೆಯೆತ್ತರದವು, ಕರೆದರೆ ಬರುವವು.
ಹೆಸರು ಹಿಡಿದು ಕೂಗಬೇಕು, ಸಾಕಿದ ನಾಯಿಯ ಹಾಗೆ.
ಏಳು ಡಾಲರ್.
ಆ ಮೂರು ಹೆಚ್ಚು ಮದ್ಯಕ್ಕೋ ಹೆಸರಿಗೋ ಕೇಳಬೇಡ,
ಇಪ್ಪತ್ತಾರು ವರ್ಷದಿಂದ ನಾನೂ ಕೇಳಿಲ್ಲ.

ಮೇಲೆ, ಕನ್ನಡಿಯ ನೆತ್ತಿಯಲ್ಲಿ
ಬೆನ್ನಿಗೆ ದೀಪ ಹಚ್ಚಿಸಿಕೊಂಡು ಕೂತಿರುವವು ಅಟ್ಟದವು.
ಏಣಿ ಬೇಕು. ಹತ್ತುವಾಗ ಇಡೀ ಬಾರು ನೋಡುತ್ತದೆ,
ಕೇಳಿದವನು ಆ ನೋಟಕ್ಕೂ ದುಡ್ಡು ಕೊಟ್ಟಿರುತ್ತಾನೆ.
ಮೆಲ್ಲಗೆ ಇಳಿ. ಧೂಳನ್ನು ಅವನೆದುರೇ ಒರೆಸು.
ಅದಕ್ಕೂ ಕೋಕ್ ಕೇಳಿದನೋ,
ಆ ಕಡೆ ತಿರುಗಿ ಒಂದು ಉಸಿರು ಬಿಟ್ಟು
ಬೆರೆಸಿ ಕೊಡು. ನಾಲಿಗೆ ಅವನದು.

ಇನ್ನೊಂದುಂಟು, ಇದು ಯಾವ ಪಟ್ಟಿಯಲ್ಲೂ ಇಲ್ಲ.
ಐದೂವರೆಗೆ ಪೆಂಗೆಲ್ಲಿ ಬರುತ್ತಾನೆ.
ಗಣಿಯ ಕೆಮ್ಮು ಅವನಿಗಿಂತ ಮುಂಚೆ ಒಳಗೆ ಬರುತ್ತದೆ.
ಕಿಟಕಿ ಪಕ್ಕದ ಹರಿದ ಸ್ಟೂಲು ಅವನಿಗೆ ಬಿಡು.
"ಹ್ಯಾರಿಗನ್ ರೈ, ಎರಡು" ಅನ್ನುತ್ತಾನೆ.

ಹ್ಯಾರಿಗನ್ ರೈ ಇಲ್ಲ.
ಆ ಭಟ್ಟಿ ಆರಿ ಹತ್ತೊಂಬತ್ತು ವರ್ಷ,
ಎರಡನೆಯ ಲೋಟ ಎತ್ತುತ್ತಿದ್ದ ಮಿಲೋವಾನ್ ಹೋಗಿ ಹದಿನೇಳು.
ನಿನಗಿಂತ ಮುಂಚೆ ಇದ್ದ ಹುಡುಗ
"ಅದು ಈಗ ಬರೋದೇ ಇಲ್ಲ ಸಾರ್" ಅಂದುಬಿಟ್ಟ.
ಮುದುಕ ಟೋಪಿ ಇಟ್ಟುಕೊಂಡು ಎದ್ದವನು
ಮೂರು ವಾರ ಈ ಕಡೆ ತಲೆ ಹಾಕಲಿಲ್ಲ.

ನೀನು "ಆಯ್ತು" ಅನ್ನು.
ಕನ್ನಡಿಯ ಕಡೆ ತಿರುಗಿ ಒಂದಿಷ್ಟು ಹುಡುಕು.
ಆಮೇಲೆ ಬಗ್ಗಿ, ಬಾವಿಯಿಂದ ಸೇದು.
ಎರಡು ಲೋಟ. ಬೆಲೆಯೂ ಬಾವಿಯದೇ.
ಮೂಸಿ ನೋಡುತ್ತಾನೆ. ಅವನಿಗೆ ಗೊತ್ತು.
ಒಂದನ್ನು ಕುಡಿಯುತ್ತಾನೆ.

ಇನ್ನೊಂದನ್ನು ಅವನು ಹೋದ ಮೇಲೆ ತೊಳೆ,
ಮುಂಚೆ ಮುಟ್ಟಬೇಡ.

ಸರಿ, ಅಲ್ಲಿ ನಿಂಬೆಹಣ್ಣು ಇದೆ ನೋಡು, ಹೆಚ್ಚು.