ನೀಲಿ ದಾರ

ಹೇಳಿದ್ರ ಯಾರೂ ನಂಬೂದಿಲ್ಲ,
ಅದಕ್ಕ ಹೇಳೂದು ಬಿಟ್ಟೇನಿ.
ರಾತ್ರಿ ಎಂಟಕ್ಕ ಟೀವಿ ಹಚ್ಚಿದಾಗ ಮಾತ್ರ
ಕೈಯಾಗಿನ ಸೂಜಿ ತಾನ ನಿಲ್ಲತೈತಿ.
ಧಾರಾವಾಹಿ ಸುರುವಿಗೆ, ಹೆಸರು ಬರೂ ಹೊತ್ತಿನ್ಯಾಗ,
ಗಂಧರ್ವ ರೆಕ್ಕಿ ಬಿಚ್ಚತಾನ.
ಎಡಗಡೆ, ಮೂರನೆ ಗರಿಯ ಬುಡಕ್ಕ
ಕಣ್ಣು ಪಿಳುಕಿಸೂದರೊಳಗ
ಒಂದು ನೀಲಿ ಗೆರಿ.

ಅದು ನಂದು.

ಬೆಟಗೇರಿ. ದಾವಲಸಾಬ ಕಾಕಾನ ಟೇಲರಿಂಗ ಅಂಗಡಿ.
ಸಾಲಿ ಸುರು ಆಗೂ ತಿಂಗಳ,
ಯುನಿಫಾರ್ಮಿನ ಚಡ್ಡಿ, ಸ್ಕರ್ಟು ಮಾಳಿಗಿ ಮುಟ್ಟೂವಷ್ಟು.
ನನಗಾಗ ಹದಿನಾರು.
ಕಾಜಾ ಮಾಡೂದು, ಗುಂಡಿ ಹಚ್ಚೂದು,
ಮಶೀನು ಮುಟ್ಟಾಕ ಪರವಾನಗಿ ಇಲ್ಲ.

ಲಕ್ಕುಂಡಿ ಬಾವಿಯೊಳಗ ಶೂಟಿಂಗ ಅಂತ ಸುದ್ದಿ ಇತ್ತು.
ಯಾರೂ ಲಕ್ಷ್ಯ ಕೊಡಲಿಲ್ಲ.
ಗದುಗಿನ ಮಂದಿ ನಾಟಕ ಕಂಪನಿ ಕಂಡವರು,
ಕಿರೀಟ ಅಡವಿಟ್ಟು ಹೋದ ರಾಜರನ್ನೂ ಕಂಡವರು.

ಒಂಬತ್ತರ ಸುಮಾರ ಟಂಟಂ ಬಂದು ನಿಂತು.
ಇಳದರು
ಒಬ್ಬ ರಾಕ್ಷಸ, ಒಬ್ಬಾಕಿ ಮಾಟಗಾತಿ,
ನಡುವ ಹರಕ ರೆಕ್ಕಿ ಹೊತಗೊಂಡ
ಕಡ್ಡಿಯಂಥ ಹುಡುಗ.
ಕಾಕಾ ಹುಬ್ಬಳ್ಳಿಗೆ ಹೋಗಿದ್ದ, ದಾರ ತರಾಕ.
"ನಾಳೆ ಮುಂಜಾನೆ ಹಾರೂದೈತ್ರಿ ನಾ" ಅಂದ ಹುಡುಗ,
ಆರರ ಬಸ್ಸು ಹಿಡಿಯೂದೈತಿ ಅಂದಂಗ.

ಬಿಳಿ ದಾರ ತೀರಿತ್ತು.
ಇದ್ದದ್ದು ಸಾಲಿ ಸ್ಕರ್ಟಿನ ನೀಲಿ ಒಂದ.
"ಕಾಣತೈತೇನು?"
"ಇಲ್ರಿ" ಅಂದೆ. ಸುಳ್ಳು.
ಮಶೀನು ತುಳದೆ.

ರಾಕ್ಷಸ ಹಾವೇರಿಯಂವ, ಎಲ್‌ಐಸಿ ಏಜೆಂಟ.
ಒಂದು ಕೋಡು ತೊಡಿಮ್ಯಾಲೆ, ಒಂದು ಇನ್ನೂ ತಲಿಮ್ಯಾಲೆ,
ಚಹಾದಂಗಡಿ ಹುಚ್ಚೀರಪ್ಪಗ
ಜೀವದ ಗ್ಯಾರಂಟಿ ಯಾರಿಗೂ ಇಲ್ಲಂತ ತಿಳಿಸಿ ಹೇಳಿ
ಅಲ್ಲೇ ಫಾರ್ಮ ತುಂಬಿಸಿಕೊಂಡ.
ಮಾಟಗಾತಿ ಲಕ್ಷ್ಮೇಶ್ವರದ ಸಾಲಿ ಅಕ್ಕೋರು.
ಆರಂಗುಲ ಉಗುರು, ಶೇಂಗಾ ಸುಲಿಯಾಕ ಬರವಲ್ದು.
ನಾನ ಸುಲದು ಬಾಯಾಗ ಹಾಕಿದೆ.
"ಹೊಲಿಗಿ ನೆಟ್ಟಗೈತಿ. ಸಾಲಿ ಯಾಕ ಬಿಟ್ಟಿ?"
ಬಾಬಿನ ಬದಲಿ ಮಾಡಿದೆ.

ಹುಡುಗನ ಹೆಸರು ಮುದಕಪ್ಪ, ರೋಣದ ಕಡೆಯಂವ.
ಐಟಿಐ ಪರೀಕ್ಷೆ ಐತಿ ಅಂತ ಅವ್ವಗ ಹೇಳಿ ಬಂದಿದ್ದ.
ನನ್ನ ಬುತ್ತಿಯೊಳಗಿನ ಎರಡು ರೊಟ್ಟಿ ತಿಂದ,
ಮೂರನೇದು ಪೇಪರಿನಾಗ ಸುತ್ತಿ
ರೆಕ್ಕಿ ಸಂದ್ಯಾಗ ತುರುಕಿಕೊಂಡ.
ಆಮ್ಯಾಲೆ ಕಟ್ಟಿಮ್ಯಾಲೆ ನಿಂತು
"ಹಿಡೀತೈತಿಲ್ಲ?" ಅಂದು ಜಿಗದ.
ಎರಡು ಫೂಟು, ಹೆಚ್ಚಂದ್ರ.
ಗಟಾರದ ಬಾಜೂಕ ಮಲಗಿದ್ದ ನಾಯಿ ಎದ್ದು ಓಡಿತು.
ಹೊಲಿಗಿ ಹಿಡದಿತ್ತು.

ಹದಿನೈದು ರೂಪಾಯಿ ಅಂದೆ. ಹತ್ತು ಇತ್ತು ಅವನ ಹತ್ತರ.
ಸೀಮೆಸುಣ್ಣದಿಂದ ಗ್ವಾಡಿಗೆ ಬರದೆ:
ಗಂಧರ್ವ, ಬಾಕಿ ಐದು.
ಮರುದಿನ ಕಾಕಾ ಬೈದ, ಬಾಕಿಗಲ್ಲ,
ಮಶೀನು ಮುಟ್ಟಿದ್ದಕ್ಕ.
ಆಮ್ಯಾಲೆ ರೆಕ್ಕಿ ಎಷ್ಟು ಉದ್ದ ಇತ್ತಂತ ಕೇಳಿದ.

ಈಗ ಅಂವ ಮಿಹಿರ.
ಚೆನ್ನಮ್ಮ ಸರ್ಕಲ್ಲಿನಾಗ ಮೂರು ಮಾಳಿಗಿ ಎತ್ತರ ನಿಂತು
ಬನಿಯನ್ ಮಾರತಾನ.
ಹೋದ ವರ್ಷ ಹುಬ್ಬಳ್ಳಿಗೆ ಬಂದಿದ್ದ, ಯಾವುದೋ ಬಂಗಾರದಂಗಡಿ ತಗಿಯಾಕ.
ಬಿಸಲಾಗ ಮೂರು ತಾಸು ಪಾಳಿ ಹಚ್ಚಿದೆ.
ಎದುರಿಗೆ ಬಂದಾಗ ಮಾರಿ ನೋಡಲಿಲ್ಲ ನಾ,
ಅಂಗಿ ಹೆಗಲಿನ ಹೊಲಿಗಿ ನೋಡಿದೆ.
ಯಾರೋ ಚಲೋ ಕೈಯವರು.
ಮುದಕಪ್ಪ ಅನ್ನೂದಿತ್ತು. "ಸರ್" ಅಂದೆ.
ಫೋಟೋದಾಗ ನನ್ನ ಕಣ್ಣು ಮುಚ್ಚ್ಯಾವ.

ಹೊಸ ಭಾಗದಾಗ ರೆಕ್ಕಿ ಕಂಪ್ಯೂಟರಿನವು.
ಒಂದೊಂದು ಗರಿ ಬ್ಯಾರೆ ಬ್ಯಾರೆ ಅಲ್ಲಾಡತೈತಿ.
ಚಂದ ಅದಾವ, ಇಲ್ಲನ್ನಾಕ ಬರೂದಿಲ್ಲ.
ಹರಿಯೂದಿಲ್ಲ ಅವು.
ಸೋಮವಾರದಿಂದ ಸುರುವಿನ ಚಿತ್ರನೂ ಬದಲಿ ಆಗತಾವಂತ.

ಇವತ್ತು ಶುಕ್ರವಾರ.
ಎಂಟಕ್ಕ ಐದು ಕಮ್ಮಿ.
ಮಗಳನ್ನ ಕರದೇನಿ,
ಬಾ ಇಲ್ಲೆ, ಕುಂಡ್ರು,
ಎಡಗಡೆ ನೋಡಕೋತ ಇರು.
ಪಿಳುಕಬ್ಯಾಡ.