ಐದನೇ ಜ್ವರ

ಹುಳುವಿಗೆ ನಾಲ್ಕೇ ಜ್ವರ.
ನಾಲ್ಕು ಸಲ ಉಪವಾಸ ಮಲಗಿ, ನಾಲ್ಕು ಸಲ ತೊಗಲು ಕಳಚಿ
ಹಣ್ಣಾಗಿ ಚಂದ್ರಂಕಿ ಹತ್ತುತ್ತದೆ.
ಶಿಡ್ಲಘಟ್ಟದ ಅಂಗನವಾಡಿ ಮಕ್ಕಳಿಗೂ ಇದು ಗೊತ್ತು.
ಐದನೆಯದು ಬಂದರೆ ಏನಾದೀತು ಎಂದು
ಒಂದು ಮಧ್ಯಾಹ್ನ, ಕರೆಂಟು ಹೋದಾಗ, ಪಿಳ್ಳಪ್ಪ ಕೇಳಿದ.
ಪತ್ರಿಕೆಗೆ ಹೆಸರು ಸಿಕ್ಕಿದ್ದು ಹಾಗೆ.

ಗೂಡಿನ ಮಾರುಕಟ್ಟೆ ಗೋಡೆಗೆ ಬೆನ್ನು ಕೊಟ್ಟ ನನ್ನ ಡಿಟಿಪಿ ಅಂಗಡಿ:
ಹಗಲೆಲ್ಲ ಲಗ್ನಪತ್ರಿಕೆ, ಬೋರ್‌ವೆಲ್ ಲಾರಿಯ ಬಿಲ್ಲುಪುಸ್ತಕ,
ಶ್ರದ್ಧಾಂಜಲಿಗೆ ನಗುಮುಖದ ಫೋಟೊ ಹುಡುಕುವುದು.
ರಾತ್ರಿ ಒಂಬತ್ತಾದ ಮೇಲೆ ಷಟರ್ ಅರ್ಧ ಇಳಿಸಿ
ಬೇರೆ ಗ್ರಹಗಳ ಒತ್ತಕ್ಷರ ತಿದ್ದುತ್ತೇವೆ.
ನುಡಿಯಿಂದ ಯೂನಿಕೋಡಿಗೆ ದಾಟುವಾಗ
ಅರ್ಕಾವೊತ್ತು ಕಳಚಿ ಬಿದ್ದು ‘ಸೂರ್ಯ’ ‘ಸೂಯ’ ಆಗುತ್ತಾನೆ.
ಒಂದು ಸೌರಮಂಡಲವೇ ಆರಿಹೋಗುತ್ತದೆ,
ಬೆಳಗಾಗುವುದರೊಳಗೆ ಮತ್ತೆ ಹಚ್ಚಬೇಕು.

ಬೆಲೆ ಎಂಬಲ್ಲಿ ಸೊನ್ನೆ.
ಇಳಿಸಿಕೊಳ್ಳಿ, ಓದಿ, ಯಾರಿಗಾದರೂ ಕಳಿಸಿ.
ಕಿಲೋಗೆ ಇಷ್ಟು ಎಂದು ಕೂಗದೆ ಏನೂ ಕದಲದ ಊರು;
‘ಪುಕ್ಕಟೆಯಾ? ಒಳಗೇನೋ ಐತೆ’ ಅಂದ ಟೀ ಅಂಗಡಿ ಬಚ್ಚಪ್ಪ.
ಒಳಗೇನಿದೆ ಎಂದು ನೋಡಲೂ ಇಲ್ಲ.
ಮೊದಲ ಸಂಚಿಕೆ ಮೂವತ್ತೆಂಟು ಸಲ ಇಳಿಯಿತು.
ಅದರಲ್ಲಿ ಏಳು ಸಲ ನಾನೇ, ಸರಿಯಾಗಿ ತೆರೆಯುತ್ತದೋ ನೋಡಲು.

ಆರನೇ ಸಂಚಿಕೆಗೆ ಒಂದು ಕತೆ ಬಂತು.
ಪೂರ್ಣವಿರಾಮ ಒಂದೂ ಇಲ್ಲ.
ಕಳಿಸಿದವರು ಮೆಹರಾಜ್, ನೂಲು ಬಿಚ್ಚುವವರು.
ಬಿಸಿನೀರಿಗೆ ಅದ್ದಿ ಅದ್ದಿ ಬೆರಳ ಗೆರೆ ಸವೆದಿದೆ,
ಒದ್ದೆ ಕೈಗೆ ಫೋನಿನ ಗಾಜು ಓಗೊಡುವುದಿಲ್ಲ,
ಅದಕ್ಕೇ ಬಾಯಲ್ಲಿ ಹೇಳಿದ್ದಾರೆ, ಬೇಸಿನ್ನಿನ ಮುಂದೆ ನಿಂತು,
ರಾಟೆಯ ಸದ್ದಿನ ನಡುವೆ.
ಫೋನು ತನಗೆ ಕೇಳಿದ್ದು ಬರೆದುಕೊಂಡಿದೆ:
ಗೂಡು ಎಂದಲ್ಲೆಲ್ಲ ಗೂಢ.

ಕತೆ ಇಷ್ಟು. ಒಂದು ಗೂಢದಿಂದ ಹತ್ತಿರ ಹತ್ತಿರ ಒಂದು ಕಿಲೋಮೀಟರು ನೂಲು.
ಚಂದ್ರ ಮೂರು ಲಕ್ಷ ಎಂಬತ್ತು ಸಾವಿರ ಚಿಲ್ಲರೆ ದೂರ.
ಅಂದರೆ ಏಳುನೂರು ಕಿಲೋ ಮಾಲು,
ನಮ್ಮ ಬೆಳಗಿನ ಹರಾಜಿನ ಒಂದು ಮೂಲೆ.
ದಿನವೂ ಚಂದ್ರನಿಗೆ ಹೋಗಿಬರುವಷ್ಟು ದಾರಿ ಬಿಚ್ಚಿ
ಸೀರೆಗೆ ಕೊಡುತ್ತಿದ್ದೇವೆ ಎಂದು ಲೆಕ್ಕ ಹಾಕಿದ ಒಬ್ಬಾಕೆ
ಒಂದು ದಿನ ಎಳೆಯನ್ನು ರಾಟೆಗೆ ಕೊಡದೆ ಮೇಲಕ್ಕೆ ಬಿಡುತ್ತಾಳೆ.
ತುದಿ ಎಲ್ಲೋ ಸಿಕ್ಕಿಕೊಳ್ಳುತ್ತದೆ.
ಆ ಕಡೆಯಿಂದ ಯಾರೋ ಮೆಲ್ಲಗೆ ಎಳೆಯುತ್ತಾರೆ.
ಇಲ್ಲಿ ನೀರು ಕುದಿಯುತ್ತಿದೆ. ಅವಳು ಕೇಳುತ್ತಾಳೆ:
ನೀವು ಬಿಚ್ಚುವವರಾ, ಒಳಗಿರುವವರಾ?
ಅಲ್ಲಿಗೆ ನಿಲ್ಲುತ್ತದೆ. ಬ್ಯಾಟರಿ ಮುಗಿಯಿತಂತೆ.

ಪಿಳ್ಳಪ್ಪ ಎರಡು ಸಲ ಗುಣಿಸಿ ನೋಡಿದ. ಲೆಕ್ಕ ಸರಿಯಿತ್ತು.
ಆಮೇಲೆ ಮನೆಗೆ ಹೋಗುವವರೆಗೆ ಮಾತಾಡಲಿಲ್ಲ.

ಮರುದಿನ ಅವರೇ ಬಂದರು, ಬುರ್ಖಾದ ತೋಳಿಗೆ ಬೆಂದ ಹುಳುವಿನ ವಾಸನೆ.
ಮುನ್ನೂರು ರೂಪಾಯಿ ಕೀಬೋರ್ಡಿನ ಪಕ್ಕ ಇಟ್ಟು,
‘ಹಾಕ್ಸಕ್ಕೆ ಎಷ್ಟಾಗ್ತದೆ?’
ಏನೂ ಇಲ್ಲಮ್ಮ.
‘ಓದೋರಿಗೆ?’
ಅವರಿಗೂ ಇಲ್ಲ.
‘ನಿಮಗೆ?’
ನಗಬೇಕೋ ನಾಚಬೇಕೋ ತಿಳಿಯದೆ ಫ್ಯಾನಿನ ಕಡೆ ನೋಡಿದೆ.
ಚಂದ್ರನ್ನ ಇಷ್ಟು ಸಸ್ತಾ ಯಾರೂ ಮಾರಲ್ಲ ಎಂದು ಗೊಣಗಿ
ನೋಟುಗಳನ್ನು ವಾಪಸು ಎಣಿಸಿಕೊಂಡರು, ನನ್ನ ಮುಂದೆಯೇ.

ಗೂಢಗಳನ್ನೆಲ್ಲ ಗೂಡು ಮಾಡಿದೆ.
ಕೊನೆಯದೊಂದನ್ನು ಬಿಟ್ಟೆ.
ಪ್ರೂಫು ನೋಡುವ ಪಿಳ್ಳಪ್ಪ ಕಂಡೂ ಕಾಣದ ಹಾಗೆ ದಾಟಿದ.

ಒಂದೂವರೆಗೆ ಏರಿಸಿ ಅಲ್ಲೇ ಬೆಂಚಿನ ಮೇಲೆ ಒರಗಿದೆವು.
ಗೂಡು ತುಂಬಿದ ಲಗೇಜ್ ಆಟೋಗಳ ಸದ್ದಿಗೆ ಎಚ್ಚರಾಗಿ
ಎಣಿಕೆ ನೋಡಿದರೆ, ಒಂದು.

ನಾನಲ್ಲ.
ಪಿಳ್ಳಪ್ಪನ ಫೋನು ಚಾರ್ಜಿಗಿತ್ತು.